ತುಮಕೂರಿನಿಂದ ಬೇಲೂರು, ಹಳೇಬೀಡು ಒಂದೇ ದಿನ, ಗೈಡ್ ಸಮೇತ: ಮೊದಲು ಯಾವುದು, ಎಷ್ಟು ಹೊತ್ತು?

ಶಿರಾಗೇಟ್_ಮನೆ:

ಡಿಸೆಂಬರ್‌ನಲ್ಲಿ ಒಂದು ಶನಿವಾರ ಮನೆಮಂದಿ 11 ಜನ ಬೇಲೂರು, ಹಳೇಬೀಡಿಗೆ ಹೊರಟಿದ್ದೇವೆ. ಅಪ್ಪನಿಗೆ 74, ಅಮ್ಮನಿಗೆ 69. ಅಮ್ಮನಿಗೆ ಮಂಡಿನೋವಿದೆ. ಮಕ್ಕಳು ಮೂವರು, 8ನೇ, 6ನೇ ಮತ್ತು 3ನೇ ಕ್ಲಾಸು. ಟೆಂಪೋ ಟ್ರಾವೆಲರ್ ಗೊತ್ತು ಮಾಡಬೇಕು. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬಂದು ಮಲಗುವ ಹಾಗಿರಬೇಕು, ಅಲ್ಲಿ ಉಳಿಯುವ ಯೋಚನೆ ಇಲ್ಲ.

ದಾರಿಯಲ್ಲಿ ಹಳೇಬೀಡು ಮೊದಲು ಸಿಗುತ್ತೆ, ಹಾಗಾಗಿ ಅದನ್ನೇ ಮೊದಲು ನೋಡಿಬಿಡೋಣ ಅಂತ ಕೆಲವರು ಅಂತಾರೆ. ಸರೀನಾ? ಗೈಡನ್ನ ಇಲ್ಲಿಂದಲೇ ಮಾತಾಡಿಕೊಂಡು ಹೋಗಬೇಕಾ, ಅಲ್ಲೇ ಸಿಗ್ತಾರಾ? ಶ್ರವಣಬೆಳಗೊಳವನ್ನೂ ಸೇರಿಸಬಹುದಾ? ಇನ್ನೊಂದು, ದೊಡ್ಡ ಹುಡುಗಿ ಶಿಲ್ಪಿ ಜಕಣಾಚಾರಿ ಬಗ್ಗೆ ಕೇಳ್ತಾನೇ ಇರ್ತಾಳೆ. ಗೈಡ್ ಹೇಳೋದನ್ನ ಎಷ್ಟು ನಂಬಬಹುದು ಅಂತ ತಿಳಿದವರು ಹೇಳಿ.

ತಿಪಟೂರು_ರಸ್ತೆ:

ಶ್ರವಣಬೆಳಗೊಳ ಬಿಡಿ. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಮಂಡಿನೋವಿರುವ ಅಮ್ಮನವರನ್ನ ಕೆಳಗೆ ಕೂರಿಸಿ ಉಳಿದವರು ಹತ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತೆ. ಬೆಂಗಳೂರಿನಿಂದ ಹೊರಡುವ ಒಂದು ದಿನದ ಪ್ಯಾಕೇಜ್ ಬಸ್ಸುಗಳು ಮೂರನ್ನೂ ಸೇರಿಸುತ್ತವೆ, ನಿಜ. ಆದರೆ ಅದರಲ್ಲಿ ಒಂದೊಂದು ಕಡೆ ಕಾಲೂರಿ ನಿಲ್ಲುವಷ್ಟೂ ಬಿಡುವಿರಲ್ಲ. ಶ್ರವಣಬೆಳಗೊಳಕ್ಕೆ ಕುಣಿಗಲ್ ಮೇಲೆ ಬೇರೆ ದಿನ ಹೋಗಿಬನ್ನಿ.

ದಾರಿ: ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಒಂದು ಕಡೆಗೆ 155 ಕಿ.ಮೀ. ಆಸುಪಾಸು. ಕುಣಿಗಲ್, ಹಾಸನದ ಮೇಲೆ ಹೋದರೆ ರಸ್ತೆ ಅಗಲ, ಆದರೆ 30 ಕಿ.ಮೀ. ಮೇಲೆ ಹೆಚ್ಚಾಗುತ್ತೆ, ಹಾಸನದ ಟ್ರಾಫಿಕ್ ಬೇರೆ. ಗಾಡಿ ಮಾತಾಡುವಾಗ ಕಿ.ಮೀ. ಲೆಕ್ಕ ಎಲ್ಲಿಂದ ಶುರು ಅಂತ ಕೇಳಿ. ಬಹಳ ಜನ ಮಾಲೀಕರು ತಮ್ಮ ಶೆಡ್ಡಿನಿಂದ ಶೆಡ್ಡಿಗೆ ಹಿಡಿಯುತ್ತಾರೆ. ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಒಂದು ಮಿತಿ ಇರುತ್ತೆ. ನಿಮ್ಮದು ಹೇಗೂ 320 ದಾಟುತ್ತೆ, ಹಾಗಾಗಿ ಆ ಕನಿಷ್ಠದ ಬಗ್ಗೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ, ಕಿ.ಮೀ. ದರದ ಬಗ್ಗೆ ಮಾಡಿ. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಒಳಗೋ ಹೊರಗೋ ಅನ್ನೋದನ್ನ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. 11 ಜನಕ್ಕೆ 12 ಸೀಟಿನ ಗಾಡಿ ಸಾಕು ಅನ್ನಿಸುತ್ತೆ, ಆದರೆ ಊಟದ ಬ್ಯಾಗು, ನೀರಿನ ಕ್ಯಾನು ಕಾಲಡಿ ಬರುತ್ತೆ. ಅಮ್ಮನವರಿಗೆ ಕಾಲು ಚಾಚೋಕೆ ಜಾಗ ಬೇಕಲ್ಲ, ಒಂದೆರಡು ಸೀಟು ಹೆಚ್ಚಿರುವ ಗಾಡಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಈಗ ಮುಖ್ಯ ವಿಷಯ. ಹಳೇಬೀಡನ್ನ ದಾಟಿಕೊಂಡು ನೇರ ಬೇಲೂರಿಗೆ ಹೋಗಿ, ವಾಪಸ್ಸು ಬರುವಾಗ ಹಳೇಬೀಡು ನೋಡಿ. ಎರಡರ ನಡುವೆ 16 ಕಿ.ಮೀ., ಯಾವುದು ಮೊದಲಾದರೂ ಒಟ್ಟು ದೂರ ಒಂದೇ. ಹೀಗೆ ಮಾಡೋಕೆ ಎರಡು ಕಾರಣ ಇವೆ.

ಒಂದು, ಬೇಲೂರಿನಲ್ಲಿ ನಿತ್ಯ ಪೂಜೆ ನಡೆಯುತ್ತೆ, ಮಧ್ಯಾಹ್ನ 1ರ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯೋದು 3ರ ಸುಮಾರಿಗೆ. ಹಳೇಬೀಡು ಮೊದಲು ಮಾಡಿದವರು ಬೇಲೂರು ತಲುಪೋದು ಸರಿಯಾಗಿ ಆ ಹೊತ್ತಿಗೇ. ನವರಂಗದ (ಗುಡಿಯೊಳಗಿನ ಕಂಬಗಳ ಮಂಟಪ) ಒಳಗೆ ಹೋಗಲಾಗದೆ ಹೊರಗಿನ ಗೋಡೆ ನೋಡಿಕೊಂಡು ಬಂದವರು ಕಡಿಮೆ ಇಲ್ಲ.

ಎರಡು, ಬೆಳಕು. ಎರಡೂ ದೇವಾಲಯಗಳು ಪೂರ್ವಕ್ಕೆ ಮುಖ ಮಾಡಿವೆ. ಬೇಲೂರಿನ ಮುಂಬಾಗಿಲು, ಅದರ ಪಕ್ಕದ ದರ್ಪಣಸುಂದರಿ (ಕನ್ನಡಿ ಹಿಡಿದ ಹೆಣ್ಣಿನ ಮೂರ್ತಿ), ಜಾಲಂಧ್ರಗಳು (ಕಲ್ಲಿನ ಜಾಲರಿಗಳು) ಎಲ್ಲಾ ಪೂರ್ವದ ಕಡೆ ಇರೋದು, ಬೆಳಗಿನ ಬಿಸಿಲು ನೇರ ಬೀಳುತ್ತೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಅತ್ಯುತ್ತಮ ಮೂರ್ತಿಗಳ ಸಾಲು ಇರೋದು ಹಿಂಬದಿಯ ಪಶ್ಚಿಮ ಗೋಡೆಯಲ್ಲಿ. ಬೆಳಿಗ್ಗೆ ಅದು ಪೂರ್ತಿ ನೆರಳು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, 3 ಗಂಟೆ ಮೇಲೆ ಬಿಸಿಲು ಓರೆಯಾಗಿ ದಕ್ಷಿಣ, ಪಶ್ಚಿಮ ಗೋಡೆಗಳ ಮೇಲೆ ಬೀಳುತ್ತೆ. ಓರೆ ಬಿಸಿಲಿನಲ್ಲಿ ಒಡವೆಯ ಒಂದೊಂದು ಮಣಿಗೂ ನೆರಳು ಮೂಡುತ್ತೆ. ಅದೇ ಗೋಡೆಯನ್ನ ಬೆಳಿಗ್ಗೆ 10ಕ್ಕೆ ನೋಡಿದವರು, ಸಂಜೆ 4ಕ್ಕೆ ನೋಡಿದವರು ಬೇರೆ ಬೇರೆ ಗುಡಿ ನೋಡಿದ ಹಾಗೆ.

ಹೊತ್ತು ಹೀಗೆ ಹಾಕಿಕೊಳ್ಳಿ. 5:30ಕ್ಕೆ ತುಮಕೂರು ಬಿಡಿ. 7ರ ಸುಮಾರಿಗೆ ತಿಪಟೂರಿನಲ್ಲಿ ತಿಂಡಿ, ಅರ್ಧ ಗಂಟೆ. 9:30ಕ್ಕೆ ಬೇಲೂರು. 12:15ರವರೆಗೆ ಅಲ್ಲೇ. ಊಟ ಬೇಲೂರಿನಲ್ಲೇ ಮಾಡಿ. 11 ಜನ ಒಬ್ಬೊಬ್ಬರು ಒಂದೊಂದು ಹೇಳಿದರೆ ಒಂದೂವರೆ ಗಂಟೆ ಹೋಗುತ್ತೆ, ಎಲ್ಲರಿಗೂ ಊಟವೇ ಹೇಳಿ. ಇಲ್ಲಾ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ, ಆದರೆ ದೇವಾಲಯದ ಆವರಣದಲ್ಲಿ ಬಿಚ್ಚಬೇಡಿ. 1:45ಕ್ಕೆ ಹಳೇಬೀಡು. ಬಿಸಿಲು ಇಳಿಯುವವರೆಗೆ ಮ್ಯೂಸಿಯಂ, ಬಸದಿ (ಜೈನ ಗುಡಿ). 3ರಿಂದ 5 ಹೊಯ್ಸಳೇಶ್ವರ. 5:15ಕ್ಕೆ ಹೊರಟರೆ ಅರಸೀಕೆರೆಯಲ್ಲಿ ಟೀ ಕುಡಿದು 8:30, 9ಕ್ಕೆ ಮನೆ.

ಮೇಲಿನದ್ದರಲ್ಲಿ ಜಾರೋದು ಬೆಳಗಿನ 5:30. ಅದು 7 ಆಯಿತು ಅಂದರೆ ಇಡೀ ದಿನದ ಲೆಕ್ಕ ಬುಡಮೇಲು, ಬೇಲೂರಿನ ಬಾಗಿಲು ಹಾಕುವ ಹೊತ್ತಿಗೆ ನೀವಿನ್ನೂ ಅರ್ಧ ಸುತ್ತಿನಲ್ಲಿರ್ತೀರಿ.

ಜಗತಿ_ಮೇಲೆ:

ಗೈಡ್ ವಿಷಯ ನಾನು ಬರೀತೀನಿ, ಯಾಕಂದ್ರೆ ಈ ಪ್ರವಾಸ ಕೆಡೋದೂ ಚೆನ್ನಾಗೋದೂ ಅಲ್ಲೇ.

ತುಮಕೂರಿನಿಂದ ಯಾರನ್ನೂ ಕರೆದುಕೊಂಡು ಹೋಗಬೇಡಿ. ಬೇಲೂರಿನ ಗೋಪುರದ ಬಳಿಯೇ ಗೈಡ್‌ಗಳು ಸಿಗುತ್ತಾರೆ, ಹಳೇಬೀಡಿನಲ್ಲಿ ಗೇಟಿನ ಹತ್ತಿರ ಬೇರೆಯವರು. ಒಬ್ಬರನ್ನೇ ಎರಡು ಕಡೆಗೂ ಒಯ್ಯೋದು ಬೇಡ, ಅವರವರ ಜಾಗದ ಕಲ್ಲು ಅವರವರಿಗೆ ಗೊತ್ತು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ ನೋಡಿ. ಎರಡೂ ಕಡೆ ದೇವಾಲಯಕ್ಕೆ ಪ್ರವೇಶ ಶುಲ್ಕ ಇಲ್ಲ. "ಟಿಕೆಟ್ ಸೇರಿ ಇಷ್ಟು" ಅಂತ ಯಾರಾದರೂ ಅಂದರೆ ಅವರನ್ನ ಬಿಟ್ಟು ಮುಂದೆ ಹೋಗಿ. ಚಪ್ಪಲಿ ಕಾಯುವವರಿಗೆ ಚಿಲ್ಲರೆ ಇಟ್ಟುಕೊಳ್ಳಿ, ಮ್ಯೂಸಿಯಂಗೆ ಮಾತ್ರ ಸಣ್ಣ ಟಿಕೆಟ್.

ಮೆಟ್ಟಿಲು ಹತ್ತುವ ಮುಂಚೆಯೇ ಇಷ್ಟು ಮಾತಾಡಿಕೊಳ್ಳಿ: ಹಣ ತಲೆಗಲ್ಲ, ಇಡೀ ಗುಂಪಿಗೆ ಎಷ್ಟು. ಕನ್ನಡದಲ್ಲೇ ಹೇಳಬೇಕು. ಒಂದೂವರೆ ಗಂಟೆ ಬೇಕು. ಕೊನೆಯದನ್ನ ಹೇಳದೇ ಇದ್ದರೆ ನಿಮಗೆ ಸಿಗೋದು ಮುಕ್ಕಾಲು ಗಂಟೆಯ ಮಾಮೂಲಿ ಸುತ್ತು. ಆ ಸುತ್ತಿನಲ್ಲಿ ದರ್ಪಣಸುಂದರಿ, 42 ಅಡಿ ಕಂಬದ ಕೆಳಗೆ ಕಾಗದ ತೂರಿಸೋದು, ತಿರುಗುತ್ತಿತ್ತು ಅನ್ನುವ ನರಸಿಂಹ ಕಂಬ, ಒಳಗಿನ ಮದನಿಕೆಯ (ಚಾವಣಿಗೆ ಒರಗಿಸಿದ ಹೆಣ್ಣಿನ ಮೂರ್ತಿ) ಕೈಬಳೆ ಅಲ್ಲಾಡೋದು, ಇಷ್ಟೇ. ಇವು ಬೇಡ ಅಂತಲ್ಲ, ಮಕ್ಕಳಿಗೆ ಅವೇ ಇಷ್ಟ. ಆದರೆ ಗೋಡೆಯನ್ನ ಓದೋದು ಕಲಿಸಿಕೊಡದೆ ಇದನ್ನ ಮಾತ್ರ ತೋರಿಸಿದರೆ ಮನೆಗೆ ಬಂದ ಮೇಲೆ ನೆನಪಿರೋದೂ ಅಷ್ಟೇ.

ಮದನಿಕೆಯರು ಹೊರಗೆ 38, ಒಳಗೆ 4. ಹೊರಗಿನವರು ಚಾವಣಿಯಂಚಿನ ಕೆಳಗೆ, ತಲೆಯಿಂದ ಬಹಳ ಮೇಲೆ, ಓರೆಯಾಗಿ ನಿಂತಿದ್ದಾರೆ. ಬರಿಗಣ್ಣಿಗೆ ಭಂಗಿ ಕಾಣುತ್ತೆ, ಕೆತ್ತನೆ ಕಾಣಲ್ಲ. ಒಂದು ದುರ್ಬೀನು ಒಯ್ಯಿರಿ, 8 ಪಟ್ಟಿನದು ಸಾಕು. ಮೂವರು ಮಕ್ಕಳಿಗೂ ಒಂದೇ ಇದ್ದರೆ ಜಗಳ, ಎರಡಿರಲಿ. ಮದನಿಕೆಯ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಣ್ಣು, ಅದರ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿರುವ ಹಲ್ಲಿ ಕೆತ್ತಿರುವುದನ್ನ ಮಕ್ಕಳೇ ಹುಡುಕಲಿ. ಗಿಣಿಯ ಜೊತೆ ಮಾತಾಡುವವಳು, ಕೋತಿ ಸೆರಗೆಳೆಯುತ್ತಿರುವವಳು, ಬೇಟೆಗೆ ಹೊರಟವಳು, ಇವರನ್ನ ಗುರುತಿಸೋದು 3ನೇ ಕ್ಲಾಸಿನ ಮಗುವಿಗೂ ಆಗುತ್ತೆ.

ಒಳಗೆ ಕತ್ತಲು. ಅದಕ್ಕೂ ಕಾರಣ ಇದೆ, ಗೈಡ್ ಹೇಳದಿದ್ದರೆ ನೀವೇ ಹೇಳಿ: ಕಟ್ಟಿದಾಗ ನವರಂಗ ತೆರೆದೇ ಇತ್ತು. ವಿಷ್ಣುವರ್ಧನ ಇದನ್ನ ಕಟ್ಟಿಸಿದ್ದು 1117ರಲ್ಲಿ, ಕಂಬಗಳ ನಡುವೆ ಜಾಲಂಧ್ರ ಕೂರಿಸಿ ಮುಚ್ಚಿದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಹಾಗಾಗಿ ಹೊರಗಿನಿಂದ ಒಳಗೆ ಬಂದ ತಕ್ಷಣ ಏನೂ ಕಾಣಲ್ಲ. ಎರಡು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಸಿಕೊಂಡು ಮೇಲೆ ನೋಡಿ. ನಡುವಿನ ಭುವನೇಶ್ವರಿ (ಕೆತ್ತನೆಯ ಚಾವಣಿ) ಕಾಣುತ್ತೆ, ಕೆಳಮುಖವಾದ ಕಮಲದ ಮೊಗ್ಗು, ಅದರಲ್ಲಿ ನರಸಿಂಹ. ಕಂಬಗಳನ್ನ ಒಂದೊಂದೇ ನೋಡಿ, ನುಣುಪಾದ ಉಂಗುರ ಉಂಗುರದ ಕಂಬಗಳು ತಿರುಗಣೆಗೆ ಹಾಕಿ ಕಡೆದ ಹಾಗಿವೆ. ಬೆಳಕು ಬಿಡುವವರು ಬೇರೆ ಹಣ ಕೇಳಬಹುದು, ಅದು ಗೈಡ್ ಹಣದಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಗರ್ಭಗುಡಿಯ ಫೋಟೋ ತೆಗೆಯೋ ಹಾಗಿಲ್ಲ.

ಮಕ್ಕಳಿಗೆ ಕಲ್ಲಿನ ಬಗ್ಗೆಯೂ ಹೇಳಿಸಿ. ಇದು ಬಳಪದ ಕಲ್ಲು. ಭೂಮಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಒಡವೆ, ಕೂದಲೆಳೆ ಮಟ್ಟದ ಕೆಲಸ ಸಾಧ್ಯವಾಗಿದ್ದು ಅದರಿಂದ. ಹಂಪಿಯ ಕಣಶಿಲೆಯಲ್ಲಿ (ಗ್ರಾನೈಟ್) ಇದು ಆಗುತ್ತಿರಲಿಲ್ಲ.

ಹಳೇಬೀಡಿನಲ್ಲಿ ಗೈಡ್‌ಗೆ ಒಂದೇ ಮಾತು ಹೇಳಿ: "ಪಶ್ಚಿಮ ಗೋಡೆಗೆ ಹೆಚ್ಚು ಹೊತ್ತು ಕೊಡಿ." ಕೆಳಗಿನಿಂದ ಮೇಲಕ್ಕೆ ಪಟ್ಟಿಗಳನ್ನ ಮಕ್ಕಳ ಕೈಲಿ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಎಂಟು. ಆನೆ ಎಲ್ಲಕ್ಕೂ ಕೆಳಗೆ ಯಾಕೆ, ಭಾರ ಹೊರುವುದು ಅದೇ ಅಂತ ಮಗು ತಾನೇ ಹೇಳುತ್ತೆ ನೋಡಿ. ಆರನೇ ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತ ಇವೆ. ಚಕ್ರವ್ಯೂಹದ ಕೆತ್ತನೆ ಸಣ್ಣದು, ಕೇಳದಿದ್ದರೆ ದಾಟಿಹೋಗುತ್ತೆ. ಅದರ ಮೇಲೆ ದೊಡ್ಡ ಮೂರ್ತಿಗಳು, ಕೈಲಾಸ ಎತ್ತುವ ರಾವಣ, ಆನೆಯ ಚರ್ಮದೊಳಗೆ ಕುಣಿಯುವ ಗಜಾಸುರಸಂಹಾರಿ ಶಿವ, ಗೋವರ್ಧನ ಎತ್ತಿದ ಕೃಷ್ಣ. ಒಂದೊಂದಕ್ಕೂ ಎರಡು ನಿಮಿಷ ಕೊಟ್ಟರೂ ಒಂದು ಗಂಟೆ ಬೇಕು. ಪೂರ್ವದ ಎರಡು ನಂದಿ ಮಂಟಪಗಳಲ್ಲಿ ದಕ್ಷಿಣದ್ದರ ಹಿಂದೆ ಸೂರ್ಯನ ಗುಡಿ ಇದೆ, ಬಹಳ ಗುಂಪುಗಳು ನಂದಿ ನೋಡಿ ತಿರುಗಿಬಿಡುತ್ತವೆ.

ಮ್ಯೂಸಿಯಂ ಆವರಣದಲ್ಲೇ ಇದೆ, ಶುಕ್ರವಾರ ರಜೆ, ನಿಮ್ಮದು ಶನಿವಾರ ಆದ್ದರಿಂದ ತೊಂದರೆ ಇಲ್ಲ. ಬಸದಿಗಳು ಅರ್ಧ ಕಿ.ಮೀ. ದೂರ. ಪಾರ್ಶ್ವನಾಥ ಬಸದಿ ತಪ್ಪಿಸಬೇಡಿ. 1133ರದ್ದು, ಒಳಗೆ ತಂಪು, ಜನ ಕಡಿಮೆ, 18 ಅಡಿಯ ಮೂರ್ತಿ, ಕಂಬಗಳ ಹೊಳಪು ಮುಖ ಕಾಣುವಷ್ಟಿದೆ.

ಶಿರಾಗೇಟ್_ಮನೆ:

ಇಬ್ಬರಿಗೂ ತುಂಬಾ ಧನ್ಯವಾದ. 5:30 ಅಂದ್ರೆ ಮನೇಲಿ 4ಕ್ಕೆ ಏಳಬೇಕು, ಆಗಲಿ. ಅಮ್ಮನಿಗೆ ಅಲ್ಲಿ ಎಷ್ಟು ಹತ್ತಿ ಇಳಿಯೋದಿದೆ? ಮತ್ತೆ ಜಕಣಾಚಾರಿ ವಿಷಯ ಯಾರೂ ಹೇಳಲಿಲ್ಲ.

ಗೂಳೂರು_ಕೆರೆ:

ಜಕಣಾಚಾರಿ ವಿಷಯ ನಮ್ಮ ಜಿಲ್ಲೆಯದ್ದೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ಗೈಡ್ ಹೇಳುವ ಕಥೆ ನಿಮಗೂ ಗೊತ್ತಿರುತ್ತೆ. ಬೇಲೂರಿನ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಅಂತ ಹುಡುಗನೊಬ್ಬ ಹೇಳಿದ, ಗಂಧ ಬಳಿದು ನೋಡಿದಾಗ ಹೊಕ್ಕುಳ ಹತ್ತಿರ ಒದ್ದೆ ಆರಲಿಲ್ಲ, ಅಲ್ಲಿ ಕಪ್ಪೆ ಇತ್ತು. ಜಕಣಾಚಾರಿ ತನ್ನ ಬಲಗೈ ಕಡಿದುಕೊಂಡ. ಆ ಹುಡುಗ ಅವನ ಮಗ ಡಂಕಣ. ಆಮೇಲೆ ಹುಟ್ಟೂರಾದ ಕ್ರೀಡಾಪುರದಲ್ಲಿ ಚೆನ್ನಕೇಶವನನ್ನ ಕೆತ್ತಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು. ಆ ಕೈದಾಳ ತುಮಕೂರಿನಿಂದ ಗೂಳೂರು ದಾಟಿದರೆ ಸಿಗುತ್ತೆ, 8 ಕಿ.ಮೀ. ಹತ್ತಿರ.

ಮಗಳಿಗೆ ಕಥೆಯನ್ನ ಕಥೆಯಾಗಿಯೇ ಹೇಳಿ, ಕಲ್ಲಿನ ಮೇಲೆ ಬರೆದಿರೋದನ್ನ ಬೇರೆಯಾಗಿ ಹೇಳಿ. ಎರಡನ್ನ ಬೆರೆಸಿದಾಗಲೇ ಗೊಂದಲ. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿ ಅನ್ನುವ ಹೆಸರಿಲ್ಲ. ಇರುವ ಹೆಸರುಗಳು ಬೇರೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಮದನಿಕೆಯರ ಪೀಠದ ಮೇಲೆ ಹಳಗನ್ನಡ ಅಕ್ಷರದಲ್ಲಿ ಅವರೇ ತಮ್ಮ ಹೆಸರು ಕೊರೆದಿದ್ದಾರೆ. ಆ ಕಾಲದಲ್ಲಿ ಶಿಲ್ಪಿ ತನ್ನ ಹೆಸರು ಹಾಕೋದು ಬೇರೆ ಕಡೆ ಅಪರೂಪ, ಹೊಯ್ಸಳರಲ್ಲಿ ಅದು ಧಾರಾಳ. ಗೈಡ್‌ಗೆ "ಶಿಲ್ಪಿಯ ಹೆಸರಿರುವ ಮದನಿಕೆ ತೋರಿಸಿ" ಅಂತ ಕೇಳಿ. ತೋರಿಸುವವನು ಒಳ್ಳೆ ಗೈಡ್. ದುರ್ಬೀನು ಇದ್ದರೆ 8ನೇ ಕ್ಲಾಸಿನ ಹುಡುಗಿ ಕೆಲವು ಅಕ್ಷರ ತಾನೇ ಹಿಡಿಯುತ್ತಾಳೆ. ಅಪ್ಪ, ಮಗ ಇಬ್ಬರೂ ಒಂದೇ ಗುಡಿಗೆ ಕೆಲಸ ಮಾಡಿದ್ದು ಶಾಸನದಲ್ಲೇ ಇದೆ, ಜಕಣ ಡಂಕಣರ ಕಥೆಗೆ ಇದು ಎಷ್ಟು ಹತ್ತಿರ ಅಂತ ಅವಳೇ ಯೋಚಿಸಲಿ.

ಕಪ್ಪೆ ಚೆನ್ನಿಗರಾಯನ ಗುಡಿ ಬೇಲೂರಿನ ಅದೇ ಆವರಣದಲ್ಲಿದೆ, ಶಾಂತಲಾದೇವಿ ಕಟ್ಟಿಸಿದ್ದು, 1117. ದೊಡ್ಡ ಗುಡಿ ನೋಡಿ ಸುಸ್ತಾಗಿ ಇದನ್ನ ಬಿಟ್ಟು ಬರುವವರು ಬಹಳ. ಕೈದಾಳದ ಚೆನ್ನಕೇಶವ 1150ರ ಸುಮಾರಿನದು, ಹೊಯ್ಸಳ ದೊರೆ ಒಂದನೇ ನರಸಿಂಹನ ಸಾಮಂತ ಗೂಳೆಯ ಬಾಚಿದೇವ ಕಟ್ಟಿಸಿದ್ದು. ಸಾಧ್ಯವಾದರೆ ಹಿಂದಿನ ಭಾನುವಾರ ಸಂಜೆ ಮಕ್ಕಳನ್ನ ಕೈದಾಳಕ್ಕೆ ಕರೆದುಕೊಂಡು ಹೋಗಿ ಬನ್ನಿ. ಗುಡಿ ಚಿಕ್ಕದು, ಒಂದು ಗಂಟೆ ಸಾಕು. ಅಲ್ಲಿನ ಕೇಶವನನ್ನ ಹತ್ತಿರದಿಂದ ನೋಡಿದ ಮಕ್ಕಳಿಗೆ ಬೇಲೂರಿನಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕೈಲಿದೆ ಅಂತ ಹುಡುಕೋದು ತಾನಾಗಿ ಬರುತ್ತೆ.

ದೊಡ್ಡವಳಿಗೆ ಹಳೇಬೀಡಿನಲ್ಲಿ ಇನ್ನೊಂದು ತೋರಿಸಿ: ದಕ್ಷಿಣದ ಕಡೆ ಇರುವ ಗರುಡಸ್ತಂಭ. ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಅಂಗರಕ್ಷಕ ಕುವರಲಕ್ಷ್ಮ, ಹೆಂಡತಿ ಮತ್ತು ಸಂಗಡಿಗರ ಸಮೇತ ಪ್ರಾಣ ಬಿಟ್ಟದ್ದನ್ನ ಆ ಕಂಬದ ಶಾಸನ ಹೇಳುತ್ತೆ. ತಮ್ಮನ್ನ ಗರುಡರು ಅಂತ ಕರೆದುಕೊಂಡಿದ್ದ ಯೋಧರು ಅವರು. ಕಂಬದ ಮೇಲಿನ ಚಿಕ್ಕ ಆಕೃತಿಗಳು ಕತ್ತಿಯಿಂದ ಏನು ಮಾಡುತ್ತಿವೆ ಅಂತ ಹತ್ತಿರ ಹೋಗಿ ನೋಡಬೇಕು. ಚಿಕ್ಕವರಿಗೆ ಬೇಡ.

ತಿಪಟೂರು_ರಸ್ತೆ:

ಅಮ್ಮನವರ ಮಂಡಿ ವಿಷಯ. ಬೇಲೂರಿನಲ್ಲಿ ಆವರಣ ಸಮತಟ್ಟು, ಗುಡಿಗೆ ಮಾತ್ರ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೆಟ್ಟಿಲು ಹತ್ತಬೇಕು. ಪೂರ್ವದ ಕಡೆಯಿಂದ ಒಂದೇ ಸಲ ಹತ್ತಿಸಿ, ಮೊದಲು ಒಳಗೆ ದರ್ಶನ ಮಾಡಿಸಿ, ಆಮೇಲೆ ಜಗತಿಯ ಮೇಲೇ ಒಂದು ಸುತ್ತು. ಹತ್ತಿ, ಇಳಿದು, ಮತ್ತೆ ಹತ್ತೋ ಹಾಗೆ ಮಾಡಬೇಡಿ. ಮಡಚುವ ಸ್ಟೂಲ್ ಒಂದು ಗಾಡಿಯಲ್ಲಿರಲಿ. ಸುಸ್ತಾದರೆ ಸುತ್ತಲಿನ ಕೈಸಾಲೆಯಲ್ಲಿ ನೆರಳಿದೆ, ಅಲ್ಲಿ ಕೂತರೂ ದೊಡ್ಡ ಗುಡಿ ಎದುರಿಗೇ ಕಾಣುತ್ತೆ. ಹಳೇಬೀಡಿನಲ್ಲಿ ಗೇಟಿನಿಂದ ಗುಡಿಗೆ ನಡೆಯೋದು ಹೆಚ್ಚು. ಅಮ್ಮನವರಿಗೆ ಮ್ಯೂಸಿಯಂ ಬೇಡ, ಬಸದಿ ಮತ್ತು ಗುಡಿ ಸಾಕು. ಬಸದಿಗೆ ನಡೆಸಬೇಡಿ, ಗಾಡಿಯಲ್ಲೇ ಹೋಗಿ.

ಎಲ್ಲರಿಗೂ ದಪ್ಪ ಹತ್ತಿಯ ಕಾಲುಚೀಲ ಕಡ್ಡಾಯ. ಡಿಸೆಂಬರ್ ಆದರೂ 11:30 ಮೇಲೆ ಬೇಲೂರಿನ ಹಾಸುಗಲ್ಲು ಕಾಯುತ್ತೆ. ಚಪ್ಪಲಿ ಬಿಟ್ಟ ಮೇಲೆ ಕಾಲು ಸುಟ್ಟು ಓಡೋ ಜನಕ್ಕೆ ಗೋಡೆ ನೋಡುವ ತಾಳ್ಮೆ ಎಲ್ಲಿ ಬರಬೇಕು. ನೈಲಾನ್ ಕಾಲುಚೀಲ ಬೇಡ, ಅದು ನುಣುಪು ಕಲ್ಲಿನ ಮೇಲೆ ಜಾರುತ್ತೆ. ಶೌಚಾಲಯ ಒಳಗೆ ಹೋಗುವ ಮುಂಚೆಯೇ ಮುಗಿಸಿಕೊಳ್ಳಿ.

ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ, ಅಯ್ಯಪ್ಪ ಭಕ್ತರೂ ಬರುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ಹೊರಗಿನ ಪ್ರವಾಸಿಗರೂ ಇರುತ್ತಾರೆ. ಎರಡನೇ ಶನಿವಾರವನ್ನ ಬಿಟ್ಟು ಬೇರೆ ಶನಿವಾರ ಆರಿಸಿಕೊಳ್ಳಿ. ಒಳಗೆ ಶಾಲಾ ಮಕ್ಕಳ ಸಾಲಿದ್ದರೆ ಹೊರಗಿನ ಸುತ್ತು ಮೊದಲು ಮಾಡಿ, ಆದರೆ 12ಕ್ಕೆ ಮುಂಚೆ ಒಳಗೆ ಹೋಗಿಬಿಡಿ.

ಅರಸೀಕೆರೆ_ಜಂಕ್ಷನ್:

ಇಷ್ಟೆಲ್ಲ ಓದಿ ಇಬ್ಬರು, ಮೂವರು ಹೋಗಬೇಕು ಅನ್ನುವವರಿಗೆ: ತುಮಕೂರಿನಿಂದ ಅರಸೀಕೆರೆಗೆ ರೈಲು, 97 ಕಿ.ಮೀ., ಅಲ್ಲಿಂದ ಬಸ್ಸು. ಬೇಲೂರು ಹಳೇಬೀಡು ನಡುವೆ ಬಸ್ಸು ಓಡಾಡುತ್ತಲೇ ಇರುತ್ತೆ, ಅರ್ಧ ಗಂಟೆ ದಾರಿ. 11 ಜನಕ್ಕೆ ಇದು ಬೇಡ, ಸಂಜೆ ಬಸ್ಸು ತಡವಾದರೆ ರೈಲು ತಪ್ಪುತ್ತೆ.

ಗಾಡಿಯಲ್ಲಿ ಹೋಗುವವರು ವಾಪಸ್ಸು ಬರುವಾಗ ಅರಸೀಕೆರೆಯಲ್ಲಿ ಟೀಗೆ ನಿಲ್ಲುವ ಬದಲು ಬೆಳಿಗ್ಗೆ ಹೋಗುವಾಗಲೇ 20 ನಿಮಿಷ ಊರೊಳಗಿನ ಶಿವಾಲಯಕ್ಕೆ ಕೊಡಬಹುದು. 1220ರ ಗುಡಿ. ಅದರ ಮುಂದಿನ ಮಂಟಪ ನಕ್ಷತ್ರಾಕಾರ, 16 ಮೂಲೆ. ಬೇಲೂರಲ್ಲಿ ಜಗತಿ ನಕ್ಷತ್ರದ ಹಾಗೆ ಯಾಕೆ ಮೂಲೆ ಮೂಲೆಯಾಗಿದೆ ಅಂತ ಕೇಳುವ ಮಕ್ಕಳಿಗೆ ಅದು ಇಲ್ಲಿ ಚಿಕ್ಕದಾಗಿ, ಸುಲಭವಾಗಿ ಅರ್ಥವಾಗುತ್ತೆ. ತಿಪಟೂರು ತಿಂಡಿ ಅರ್ಧ ಗಂಟೆ ಮೀರಿದ್ದರೆ ಮಾತ್ರ ಇದನ್ನ ಬಿಟ್ಟುಬಿಡಿ, ಬೇಲೂರಿನ ಹೊತ್ತು ಕಡಿಯಬೇಡಿ.

ಶಿರಾಗೇಟ್_ಮನೆ:

ಎರಡನೇ ಶನಿವಾರಕ್ಕೆ ಗಾಡಿ ಮಾತಾಡಿದ್ದೆ, ಮೂರನೇದಕ್ಕೆ ಬದಲಾಯಿಸಿಕೊಂಡೆ. ಕಿ.ಮೀ. ಲೆಕ್ಕ ನಮ್ಮ ಮನೆ ಬಾಗಿಲಿನಿಂದ ಅಂತ ಬರೆಸಿಕೊಂಡಿದ್ದೂ ಆಯಿತು. ಈ ಭಾನುವಾರ ಕೈದಾಳ.